ಹಿಂದಿನ ಸೀಟು

ಆ ವಾರದಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದ್ದು ಅದು ಮೂರನೆಯ ಸಲ. ಸೊಸೆ ತರಕಾರಿ ಚೀಲ ಹಿಡಿದು ಬಾಗಿಲು ದಾಟುವಾಗಲೇ ಸೀದ ವಾಸನೆ ಮೂಗಿಗೆ ಬಡಿಯಿತು. ಅಡುಗೆಮನೆಯಲ್ಲಿ ಪಾತ್ರೆಯ ತಳ ಕಪ್ಪಗಾಗಿತ್ತು, ಕೆಳಗೆ ಉರಿ ಇನ್ನೂ ಇತ್ತು. ಅಜ್ಜಿ ಒಲೆಯ ಮುಂದೆಯೇ ಸ್ಟೂಲಿನ ಮೇಲೆ ಕುಳಿತು, ಮಡಿಲಲ್ಲಿ ಕೈ ಇಟ್ಟುಕೊಂಡು ಗೋಡೆ ನೋಡುತ್ತಿದ್ದಳು.

"ಅತ್ತೆ! ಕಣ್ಣೆದುರಿಗೇ ಉಕ್ತಾ ಇದೆಯಲ್ಲ, ಆರಿಸಬಾರದಾ?"

"ಹಾಲಿಟ್ಟಿದ್ದು ನಾನಾ?"

"ಇನ್ಯಾರು? ಮನೇಲಿ ಬೇರೆ ಯಾರಿದಾರೆ?"

ಅಜ್ಜಿ ಹಣೆ ಒತ್ತಿಕೊಂಡಳು. "ತಲೆ ಒಳಗೆ ಯಾರೋ ಹತ್ತಿ ತುರುಕಿದ ಹಾಗಿದೆ ಕಣಮ್ಮ. ಆ ಕಾರಿಂದ ಇಳಿದ್ರೆ ಸಾಕು, ಹೀಗೇ ಆಗತ್ತೆ."

"ಎಲ್ಲದಕ್ಕೂ ಕಾರು" ಎಂದು ಸೊಸೆ ಪಾತ್ರೆಯನ್ನು ತೊಟ್ಟಿಗೆ ಹಾಕಿ, ನಲ್ಲಿ ಬಿಟ್ಟು, ಗರಗರನೆ ಉಜ್ಜತೊಡಗಿದಳು.

ಕಾರು ಹೊರಗೆ ಗೇಟಿನ ಪಕ್ಕ ಬಾನೆಟ್ ತೆರೆದುಕೊಂಡು ನಿಂತಿತ್ತು. ಮಗ ಅದರೊಳಗೆ ಸೊಂಟದವರೆಗೂ ಬಗ್ಗಿದ್ದ. ಮೊಮ್ಮಗಳು ಟಾರ್ಚ್ ಹಿಡಿದು ನಿಂತಿದ್ದಳು. ಅವಳಿಗೆ ಹದಿಮೂರು ವರ್ಷ. ಕೂಸಾಗಿದ್ದಾಗ ಒಂದೇ ರಾಗ ಹಿಡಿದು ಗಂಟೆಗಟ್ಟಲೆ ಅಳುತ್ತಿದ್ದಳೆಂದು ಅಜ್ಜಿಯೇ ಇಟ್ಟ 'ಪಿಟೀಲು' ಎಂಬ ಹೆಸರು ಇನ್ನೂ ಅಂಟಿಕೊಂಡಿತ್ತು.

"ಅಪ್ಪ, ಅಮ್ಮ ಮತ್ತೆ ಪಾತ್ರೆ ಕುಕ್ಕತಾ ಇದಾರೆ."

"ಟಾರ್ಚ್ ನೆಟ್ಟಗೆ ಹಿಡಿ."

ಅಜ್ಜಿ ಮಂಕು ಹೆಂಗಸಲ್ಲ. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂತವಳು. ಎದುರಿಗಿದ್ದವನು ಊರಿನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಟಿಕೆಟ್ಟೂ ಚಿಲ್ಲರೆಯೂ ಅವನ ಅಂಗೈಗೆ ಬಿದ್ದಿರುತ್ತಿದ್ದವು. ಮೂರು ವಾರದ ಹಿಂದಿನವರೆಗೂ ಮೊಮ್ಮಗಳ ಲೆಕ್ಕದ ಪುಸ್ತಕವನ್ನು ತಲೆಕೆಳಗಾಗಿ ನೋಡಿಯೇ ತಪ್ಪು ಹಿಡಿಯುತ್ತಿದ್ದಳು. ಅವಳ ತಂಗಿ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಮೇಲೆ ಅಜ್ಜಿಯೇ ದಿನಾ ಹೋಗಿ ನೋಡಿಕೊಳ್ಳುತ್ತಿದ್ದಳು. ತಂಗಿಯ ಮನೆ ಮಗನ ಕೆಲಸದ ದಾರಿಯಲ್ಲೇ ಇತ್ತು. ಬೆಳಿಗ್ಗೆ ಕಾರಿನಲ್ಲಿ ಬಿಡುತ್ತಿದ್ದ, ಸಂಜೆ ಕರೆತರುತ್ತಿದ್ದ. ವಾಹನಗಳ ಸಾಲಿನಲ್ಲಿ ತೆವಳಿಕೊಂಡು ಹೋದರೆ ಒಂದೊಂದು ಸಲಕ್ಕೂ ಐವತ್ತು ನಿಮಿಷ.

ಮಗ ಲಿಫ್ಟ್ ರಿಪೇರಿಯವನು. ಮುಂದಿನ ಸೀಟಿನಲ್ಲಿ ಅವನ ಸಾಮಾನಿನ ಚೀಲ, ತಂತಿಹಗ್ಗದ ಸುರುಳಿ. ಅಜ್ಜಿ ಕೂರುವುದು ಹಿಂದೆ. ಗಾಳಿ ಬಡಿದರೆ ಕಿವಿ ಸಿಡಿಯುತ್ತದೆಂದು ಅವಳು ಗಾಜು ಪೂರ್ತಿ ಏರಿಸುತ್ತಿದ್ದಳು. ಅವನು ಮಾತ್ರ ತನ್ನ ಪಕ್ಕದ ಗಾಜನ್ನು ಚಳಿಯಲ್ಲೂ ನಾಲ್ಕು ಬೆರಳು ಇಳಿಸಿಯೇ ಓಡಿಸುತ್ತಿದ್ದ.

ಕಾರಿಗೆ ಹದಿನೆಂಟು ವರ್ಷ. ಮನೆಯಲ್ಲಿ ಅದನ್ನು ಗೂಳಿ ಎನ್ನುತ್ತಿದ್ದರು. ಅದರಲ್ಲಿ ಟರ್ಬೊ ಇತ್ತು. ಎಂಜಿನ್ ಹೊರಗೆ ತಳ್ಳುವ ಹೊಗೆಯ ರಭಸಕ್ಕೇ ಒಂದು ಪುಟ್ಟ ಚಕ್ರ ತಿರುಗಿ, ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುತ್ತದೆ ಎಂದು ಅವನು ಬಂದವರಿಗೆಲ್ಲ ವಿವರಿಸುತ್ತಿದ್ದ. ಮೂರನೆಯ ಕೈಯಿಂದ ಕೊಂಡಾಗ ಅದು ಆಯಿಲ್ ಕುಡಿಯುತ್ತಿತ್ತು, ನೀಲಿ ಹೊಗೆ ಬಿಡುತ್ತಿತ್ತು. ಅವನೇ ಟರ್ಬೊ ಬಿಚ್ಚಿ ಹೊಸ ಬೇರಿಂಗ್ ಹಾಕಿಸಿದ, ಬಿರುಕು ಬಿಟ್ಟ ಹೋಸ್‌ಗಳನ್ನು ಬದಲಿಸಿದ. ಗಾಡಿ ನಿಲ್ಲಿಸಿದ ಮೇಲೂ ಎರಡು ನಿಮಿಷ ಎಂಜಿನ್ ಆರಿಸುತ್ತಿರಲಿಲ್ಲ.

"ಇಳೀಲಾ?" ಎಂದು ಅಜ್ಜಿ ಹಿಂದಿನಿಂದ ಕೇಳುತ್ತಿದ್ದಳು.

"ಇರಮ್ಮ, ಟರ್ಬೊ ತಣ್ಣಗಾಗ್ಲಿ. ಆ ಬಾಗಿಲು ಒಳಗಿಂದ ತೆಗೆಯಕ್ಕೆ ಬರಲ್ಲ, ನಾನೇ ಬಂದು ತೆಗೀತೀನಿ."

ಮೂರು ವಾರದ ಹಿಂದೆ ಹೊಗೆಯ ಕೊಳವೆ ತುಕ್ಕು ಹಿಡಿದು ಉದುರತೊಡಗಿತ್ತು. ಹೇಗೂ ಬದಲಿಸಬೇಕು, ಸ್ವಲ್ಪ ಅಗಲದ್ದೇ ಹಾಕಿದರೆ ಗೂಳಿಗೆ ಉಸಿರಾಟ ಸಲೀಸಾಗುತ್ತದೆ ಎಂದುಕೊಂಡ. ಹೊಗೆ ಶುದ್ಧ ಮಾಡುವ ಡಬ್ಬಿಯನ್ನು ತೆಗೆದುಹಾಕಿದ, ಟರ್ಬೊ ತುಂಬುವ ಗಾಳಿಯನ್ನು ಒಂದಿಷ್ಟು ಹೆಚ್ಚಿಸಿದ. ಒಂದು ಭಾನುವಾರವಿಡೀ ಕಾರಿನ ಕೆಳಗೆ ಮಲಗಿ ಕೊಳವೆ ಕೂಡಿಸಿದ. ಹಿಂದಿನ ಸೀಟಿನ ಕೆಳಗೆ ಬರುವ ಜೋಡಣೆಯಲ್ಲಿ ಹೊಗೆ ಸೋರದಂತೆ ನಡುವೆ ಇಡುವ ಹೊಸ ಗ್ಯಾಸ್ಕೆಟ್ ಸಿಕ್ಕಿರಲಿಲ್ಲ, ಹಳೆಯದನ್ನೇ ಒರೆಸಿ ಹಾಕಿದ. ಅದೇ ದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್ ಬದಲಿಸಲು ಹಿಂದಿನ ಸೀಟು ಎತ್ತಿದಾಗ, ನೆಲದಲ್ಲಿದ್ದ ಅಂಗೈಯಗಲದ ಮುಚ್ಚಳದ ರಬ್ಬರ್ ಒಣಗಿ ಪುಡಿಪುಡಿಯಾಗಿ ಕೈಗೆ ಬಂತು. ಮುಚ್ಚಳವನ್ನೂ ತುಕ್ಕು ತಿಂದಿತ್ತು. ಅದರ ಬದಲು ತೂತಿಗೆ ಒಂದು ರಟ್ಟು ಕತ್ತರಿಸಿ ಟೇಪ್ ಅಂಟಿಸಿ ಮೇಲೆ ಸೀಟು ಕೂರಿಸಿದ.

"ರಟ್ಟಾ?" ಎಂದಳು, ಚಹಾ ತಂದ ಹೆಂಡತಿ. "ಊರವರ ಲಿಫ್ಟಿಗಾದ್ರೆ ಒಂದೊಂದು ನಟ್ಟನ್ನೂ ಎರಡೆರಡು ಸಲ ತಿರುಗಿಸಿ ನೋಡ್ತೀರ."

"ಮುಂದಿನ ಭಾನುವಾರ ಸರಿ ಮಾಡ್ತೀನಿ ಕಣೇ."

ಮುಂದಿನ ಭಾನುವಾರ ಬ್ರೇಕಿನ ಕೆಲಸ ಬಂತು. ಅದರ ಮುಂದಿನದು ನೆಂಟರ ಮನೆಯಲ್ಲಿ ಕಳೆಯಿತು. ಆಮೇಲೆ ರಟ್ಟು ಅವನ ನೆನಪಿನಿಂದಲೇ ಹೋಯಿತು. ಗೂಳಿ ಈಗ ಏರು ರಸ್ತೆಯಲ್ಲೂ ಹೂವಿನ ಹಾಗೆ ಹೋಗುತ್ತಿತ್ತು.

ಅಜ್ಜಿಗೆ ತಲೆನೋವು ಶುರುವಾದದ್ದು ಆ ವಾರದಿಂದಲೇ. ಅವಳು ಹೇಳಿದಳು ಕೂಡ.

"ಏನೋ ಒಂಥರಾ ಹೊಗೆ ವಾಸನೆ ಕಣೋ."

"ಹಳೇ ಕಾರಮ್ಮ. ಒಂಚೂರು ವಾಸನೆ ಇದ್ದಿದ್ದೇ."

"ಹೊಟ್ಟೆ ತೊಳಸತ್ತೆ."

"ನಿನಗೆ ಮೊದಲಿಂದಲೂ ಈ ಕಾರು ಕಂಡ್ರೆ ಆಗಲ್ಲ."

ನಾಲ್ಕನೆಯ ವಾರ ತಂಗಿಯ ಮನೆಯಿಂದ ಫೋನ್ ಬಂತು. ಅಜ್ಜಿ ಬೆಳಿಗ್ಗೆ ಹೋದವಳೇ ತಂಗಿಗೆ ರಕ್ತದೊತ್ತಡದ ಮಾತ್ರೆ ಕೊಟ್ಟಿದ್ದಳು. ಹತ್ತು ನಿಮಿಷ ಬಿಟ್ಟು ಮತ್ತೆ ಕೊಟ್ಟಿದ್ದಳು. ಅಕ್ಕ ಕೊಟ್ಟದ್ದನ್ನು ತಂಗಿ ಮರುಮಾತಾಡದೆ ನುಂಗಿದ್ದಳು. ಮಧ್ಯಾಹ್ನ ಕೆಲಸದಾಕೆ ಬಂದು ನೋಡುವಾಗ ತಂಗಿಗೆ ಮಾತೇ ಹೊರಡುತ್ತಿರಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿದ್ದು ಹೇಗೋ ಬದುಕಿಕೊಂಡಳು.

ತಂಗಿಯ ಮಗ ಆಸ್ಪತ್ರೆಯ ಮೆಟ್ಟಿಲ ಬಳಿ ನಿಂತು ಮಾತಾಡಿದ. "ಅಣ್ಣ, ಬೇಜಾರು ಮಾಡ್ಕೋಬೇಡ. ದೊಡ್ಡಮ್ಮ ಇನ್ನು ಬರೋದು ಬೇಡ. ಅವರಿಗೆ ವಯಸ್ಸಾಯ್ತು."

ಅಜ್ಜಿ ಎರಡು ಹೆಜ್ಜೆ ಹಿಂದೆಯೇ ನಿಂತಿದ್ದಳು. ಎಲ್ಲ ಕೇಳಿಸಿತ್ತು.

ಆ ದಿನ ಊಟಕ್ಕೆ ಕೂತಾಗ ಅನ್ನ, ಬೇಳೆ, ಬೇಯಿಸಿದ ಆಲೂಗಡ್ಡೆ ಎಲ್ಲ ಮೇಜಿನ ಮೇಲೆ ಆರುತ್ತಿದ್ದವು. ಯಾರೂ ಬಡಿಸಿಕೊಳ್ಳಲಿಲ್ಲ.

"ಮನೇಲಿ ಒಬ್ಬರನ್ನೇ ಬಿಡೋ ಹಾಗಿಲ್ಲ" ಎಂದಳು ಸೊಸೆ. "ನಾನು ಶಾಲೆಯ ಕಚೇರಿ ಕೆಲಸ ಬಿಟ್ಟು ಬರಕ್ಕಾಗತ್ತಾ? ಗ್ಯಾಸ್ ತೆಗೆದಿಟ್ಟು ಮರೆತ್ರೆ?"

"ನಾನಿಲ್ಲೇ ಇದೀನಿ" ಎಂದಳು ಅಜ್ಜಿ. "ನನ್ನ ಬಗ್ಗೆ ನನ್ನ ಹತ್ರಾನೇ ಮಾತಾಡಬಹುದು."

"ಹಾಗಾದ್ರೆ ನೀವೇ ಹೇಳಿ ಅತ್ತೆ. ಏನು ಮಾಡೋಣ?"

ಅಜ್ಜಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದಳು.

ಮರುದಿನದಿಂದ ಸೊಸೆ ಕೆಲಸಕ್ಕೆ ಹೊರಡುವ ಮೊದಲು ಒಲೆಯ ತಿರುಗಣೆಗಳನ್ನು ಕಿತ್ತು ತನ್ನ ಕೈಚೀಲಕ್ಕೆ ಹಾಕಿಕೊಳ್ಳತೊಡಗಿದಳು. ವಯಸ್ಸಾದವರನ್ನು ಹಗಲು ನೋಡಿಕೊಳ್ಳುವ ಕೇಂದ್ರವೊಂದು ಮಗನ ದಾರಿಯಲ್ಲೇ, ತಂಗಿಯ ಮನೆಗಿಂತ ಇನ್ನೊಂದಿಷ್ಟು ಮುಂದೆ ಇತ್ತು. ಅಜ್ಜಿಯನ್ನು ಅಲ್ಲಿಗೆ ಸೇರಿಸಿದರು. ಈಗ ಹೋಗುವುದಕ್ಕೆ ಒಂದು ಗಂಟೆ, ಬರುವುದಕ್ಕೆ ಒಂದು ಗಂಟೆ.

ಒಬ್ಬ ವೈದ್ಯೆಯ ಬಳಿಗೂ ಮಗ ಅವಳನ್ನು ಕೇಂದ್ರದಿಂದ ನೇರವಾಗಿ ಕಾರಿನಲ್ಲೇ ಕರೆದೊಯ್ದ. ವೈದ್ಯೆ ಸಮಾಧಾನದಿಂದ ಕೇಳಿದರು. ಇದು ಯಾವ ತಿಂಗಳು? ಅಜ್ಜಿ ತಪ್ಪು ತಿಂಗಳು ಹೇಳಿದಳು. ನೂರರಲ್ಲಿ ಏಳು ಕಳೆದರೆ?

"ತೊಂಬತ್ತ..." ಎಂದು ಅಜ್ಜಿ ಅಲ್ಲೇ ನಿಂತಳು. ಮಗನ ಮುಖ ನೋಡಿದಳು. ಆಮೇಲೆ ಸಣ್ಣಗೆ ನಕ್ಕು, "ಕೌಂಟರ್ ಮುಚ್ಚಿದೆ ಡಾಕ್ಟ್ರೇ. ನಾಳೆ ಬನ್ನಿ" ಎಂದಳು.

ವೈದ್ಯೆ ಮರೆವಿನ ಕಾಯಿಲೆಯ ಮೊದಲ ಹಂತವೆಂದು ಬರೆದು ಮಾತ್ರೆ ಕೊಟ್ಟರು.

ಕೇಂದ್ರದ ಮೇಲ್ವಿಚಾರಕಿ ಒಂದು ವಾರದ ಮೇಲೆ ಫೋನಿನಲ್ಲಿ ಸೊಸೆಗೆ ಹೇಳಿದಳು. "ಬೆಳಿಗ್ಗೆ ಬಂದಾಗ ತೂಗಾಡ್ತಾ ಬರ್ತಾರೆ ಮೇಡಂ, ಬಂದವರೇ ಮಲಗಿಬಿಡ್ತಾರೆ. ಮಧ್ಯಾಹ್ನದ ಮೇಲೆ ಎಷ್ಟು ಚೆನ್ನಾಗಿರ್ತಾರೆ ಗೊತ್ತಾ? ನಮ್ಮ ಹಾಜರಿ ಪುಸ್ತಕದಲ್ಲೇ ತಪ್ಪು ಹಿಡಿದ್ರು."

ಫೋನ್ ಇಟ್ಟು ಸೊಸೆ ಗಂಡನ ಕಡೆ ತಿರುಗಿದಳು. "ಅಲ್ಲಿ ಚೆನ್ನಾಗಿರ್ತಾರಂತೆ. ಮನೆಗೆ ಬಂದಾಗ ಮಾತ್ರ ಹೀಗಾ? ಇದು ನಾಟಕನಾ, ಕಾಯಿಲೆನಾ?"

"ಮೆಲ್ಲಗೆ ಮಾತಾಡು."

"ಯಾಕೆ ಮೆಲ್ಲಗೆ? ಬಟ್ಟೆ ಒಗೆದವಳು ನಾನು, ಸೀದ ಪಾತ್ರೆ ತಿಕ್ಕಿದವಳು ನಾನು. ನೀವು ಆ ಕಾರಿನ ಕೆಳಗೆ ಮಲಗಿರ್ತೀರ."

ಅಜ್ಜಿ ಕೋಣೆಯ ಬಾಗಿಲು ಮುಂದಕ್ಕೆ ಎಳೆದುಕೊಂಡಳು.

ಅದರ ಮರುವಾರ ಮೊಮ್ಮಗಳ ಶಾಲೆಯ ಬಸ್ಸು ಕೆಟ್ಟಿತು. ಬಸ್ಸು ಸರಿಯಾಗುವವರೆಗೆ ಅಪ್ಪನ ಕಾರಿನಲ್ಲೇ ಹೋಗಬೇಕಾಯಿತು. ಹಿಂದೆ ಅಜ್ಜಿಯ ಪಕ್ಕ ಕೂತಳು. ಮೊದಲ ದಿನ ತಲೆನೋವು ಎಂದಳು. ಎರಡನೆಯ ದಿನ ಶಾಲೆಯ ಗೇಟಿನೆದುರು ಇಳಿದವಳೇ ತನ್ನ ಬೂಟಿನ ಮೇಲೆ ವಾಂತಿ ಮಾಡಿಕೊಂಡಳು. ಅಪ್ಪ ಬಾಟಲಿಯ ನೀರು ಸುರಿದು ಬೂಟು ತೊಳೆದ.

"ಬೆಳಿಗ್ಗೆ ಏನು ತಿಂದೆ?"

"ಬ್ರೆಡ್ಡು, ಮೊಟ್ಟೆ. ಅದಲ್ಲಪ್ಪ. ಸೀಟಿನ ಕೆಳಗಿಂದ ಬೆಚ್ಚಗೆ ಗಾಳಿ ಬರತ್ತಲ್ಲ, ಅದು ಹೊಟ್ಟೆ ತೊಳಸತ್ತೆ."

ಅವನ ಕೈಯಲ್ಲಿದ್ದ ಬಾಟಲಿ ಹಾಗೇ ನಿಂತಿತು. "ಎಂಥ ಬೆಚ್ಚಗಿನ ಗಾಳಿ?"

"ದಿನಾ ಬರತ್ತಂತೆ. ಅಜ್ಜಿ ಕಾಲು ಅಲ್ಲೇ ಇಟ್ಕೋತಾರೆ. ಚಳಿಗೆ ಹಿತವಾಗಿರತ್ತಂತೆ."

ಅವನು ಕಾರಿನ ಕಡೆ ತಿರುಗಿದ. ಅಜ್ಜಿ ಹಿಂದಿನ ಸೀಟಿನಲ್ಲಿ ಬಾಯಿ ಅರೆ ತೆರೆದು ನಿದ್ದೆ ಹೋಗಿದ್ದಳು. ಎಂಜಿನ್ ಓಡುತ್ತಲೇ ಇತ್ತು. ಅವನು ಓಡಿಹೋಗಿ ಬಾಗಿಲು ತೆರೆದು, "ಅಮ್ಮ, ಅಮ್ಮ" ಎಂದು ಭುಜ ಹಿಡಿದು ಅಲುಗಿಸಿದ. ಮೂರನೆಯ ಸಲಕ್ಕೆ ಅವಳು ಕಣ್ಣು ಬಿಟ್ಟು, "ಬಂತಾ?" ಎಂದಳು.

ನಾಲ್ಕೂ ಗಾಜು ಇಳಿಸಿ, ಅವಳನ್ನು ಕೇಂದ್ರಕ್ಕೆ ಬಿಟ್ಟು, ಆ ದಿನದ ಕೆಲಸಕ್ಕೆ ರಜೆ ಹೇಳಿ ಸೈಲೆನ್ಸರ್ ಮೇಸ್ತ್ರಿಯ ಅಂಗಡಿಗೆ ಹೋದ. ಸೈಲೆನ್ಸರ್ ಕೆಲಸ ಬಿಟ್ಟು ಬೇರೇನನ್ನೂ ಮುಟ್ಟದ ಮುದುಕ ಆತ. ಕಾರನ್ನು ಮೇಲೆತ್ತಿ, ಕೆಳಗೆ ನಿಂತು ದೀಪ ಹಿಡಿದ. ಜೋಡಣೆಯ ಸುತ್ತ ಮಸಿ ಕಟ್ಟಿತ್ತು. ಅಲ್ಲಿಂದ ಕಾರಿನ ತಳದ ಮೇಲೆ ಕರಿಯ ನಾಲಗೆಯಂತೆ ಹರಡಿ, ರಟ್ಟಿನ ಅಂಚಿನಲ್ಲಿ ಒಳಗೆ ಹೋಗಿತ್ತು. ರಟ್ಟು ಅರ್ಧ ಸುಟ್ಟಿತ್ತು.

"ಹಿಂದೆ ಯಾರು ಕೂರ್ತಾರೆ ಸಾರ್?"

"ನಮ್ಮಮ್ಮ."

"ಎಷ್ಟು ಹೊತ್ತು?"

"ದಿನಕ್ಕೆ ಎರಡು ಗಂಟೆ."

ಮೇಸ್ತ್ರಿ ದೀಪ ಕೆಳಗಿಳಿಸಿದ. "ಇದಾರಾ?"

"ಇದಾರೆ. ಏನು ಮಾತು ಅಂತ ಆಡ್ತೀರ!"

"ಕೇಳಬೇಕಾದ್ದೇ ಕೇಳ್ದೆ. ನೀವು ಮುಂದೆ ಗಾಜು ಇಳಿಸಿದ್ರೆ ಇದು ಹಿಂದಿಂದ ಹೊಗೆ ಎಳೆಯತ್ತೆ. ನಿಮಗೆ ಒಳ್ಳೇ ಗಾಳಿ, ಹಿಂದಿನವರಿಗೆ ವಿಷ. ಹೊಗೆ ವಾಸನೆ ಬರಬಹುದು, ಆದ್ರೆ ಅದರ ಜೊತೆ ಬರೋ ಗ್ಯಾಸಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೊದಲು ತಲೆ ನೋಯತ್ತೆ, ಆಮೇಲೆ ಬುದ್ಧಿ ಮಂಕಾಗತ್ತೆ, ಆಮೇಲೆ ನಿದ್ದೆ. ಹಾಗೇ ಹೋಗಿಬಿಡ್ತಾರೆ. ಇದನ್ನ ಕೂಡಿಸಿದವನು ಯಾರು?"

ಮಗ ಕೈ ಚಾಚಿ ಆ ಸುಟ್ಟ ರಟ್ಟನ್ನು ಕಿತ್ತು ತೆಗೆದ.

ಸಂಜೆಯೊಳಗೆ ಹೊಸ ಗ್ಯಾಸ್ಕೆಟ್ ಬಂತು. ಮೇಸ್ತ್ರಿ ಜೋಡಣೆ ಬಿಗಿದು, ಅದರ ಪಕ್ಕದಲ್ಲೇ ಕಂಡ ಸಣ್ಣ ಬಿರುಕಿಗೆ ವೆಲ್ಡಿಂಗ್ ಮಾಡಿ, ಹೊಗೆ ಶುದ್ಧ ಮಾಡುವ ಡಬ್ಬಿಯನ್ನು ಮತ್ತೆ ಕೂರಿಸಿದ. ಮಗ ತಗಡಿನ ಮುಚ್ಚಳ ಕತ್ತರಿಸಿ, ಸುತ್ತ ರಬ್ಬರಿಟ್ಟು, ಆರು ತಿರುಪು ಹಾಕಿದ. ಒಂದೊಂದನ್ನೂ ಎರಡೆರಡು ಸಲ ತಿರುಗಿಸಿ ನೋಡಿದ.

"ಯಾಕೋ ಇಷ್ಟು ಹೊತ್ತು?" ಎಂದಳು ಅಜ್ಜಿ, ಕೇಂದ್ರದ ಬಾಗಿಲಲ್ಲಿ.

"ಸೈಲೆನ್ಸರ್ ಒಂಚೂರು ರಿಪೇರಿ ಇತ್ತಮ್ಮ."

ಮನೆಗೆ ಬಂದು ಊಟಕ್ಕೆ ಕೂತಾಗ ಅವನು ಬಾಯಿ ತೆರೆದ. "ಅಮ್ಮನ ವಿಷಯ ಒಂದು..."

"ಮೊದಲು ಊಟ ಮಾಡಿ" ಎಂದಳು ಹೆಂಡತಿ. "ದಿನಾ ಅದೇ ವಿಷಯ. ಇವತ್ತೊಂದು ದಿನ ನೆಮ್ಮದಿಯಾಗಿ ಎರಡು ತುತ್ತು ತಿನ್ನೋಣ."

ಅವನು ಅನ್ನ ಕಲಸಿಕೊಂಡ. ಮರುದಿನವೂ ಹೇಳಲಿಲ್ಲ. ಅದರ ಮರುದಿನವೂ ಇಲ್ಲ.

ಐದನೆಯ ದಿನ ಅಜ್ಜಿ ಪಿಟೀಲಿನ ಲೆಕ್ಕದಲ್ಲಿ ತಪ್ಪು ತೋರಿಸಿದಳು. ವಾರದೊಳಗೆ ತಲೆನೋವು ನಿಂತಿತು. ಸೊಸೆ ಸಡಗರದಿಂದ, "ಡಾಕ್ಟ್ರ ಕೈಗುಣ ನೋಡಿ! ಸುಮ್ಮನೆ ಕಾರು ಕಾರು ಅಂತಿದ್ರು" ಎಂದಳು. ವೈದ್ಯೆಗೂ ಸಂತೋಷವಾಯಿತು. ಔಷಧಿ ಹಿಡಿದಿದೆ, ಇನ್ನಷ್ಟು ಹೆಚ್ಚಿಸೋಣ ಎಂದರು. ಹೆಚ್ಚಿಸಿದ ಮಾತ್ರೆಗೆ ಅಜ್ಜಿಯ ನಾಲಗೆ ರುಚಿ ಕಳೆದುಕೊಂಡಿತು. ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಹಾಗೇ ಬಿಡುತ್ತಿದ್ದಳು. ಮೈ ಇಳಿಯಿತು. ಒಲೆಯ ತಿರುಗಣೆಗಳು ಸೊಸೆಯ ಚೀಲದಲ್ಲೇ ಇದ್ದವು.

ಒಂದು ಬೆಳಿಗ್ಗೆ ಪಿಟೀಲು ಬೂಟಿನ ದಾರ ಕಟ್ಟುತ್ತಾ ಹೇಳಿದಳು. "ಅಪ್ಪ, ಕಾರು ರಿಪೇರಿ ಆದ್ಮೇಲೆ ನಂಗೆ ತಲೆ ನೋಯ್ಲೇ ಇಲ್ಲ."

"ಒಳ್ಳೇದಾಯ್ತು."

"ಅಜ್ಜಿಗೂ ನೋಯ್ಲಿಲ್ಲ."

"ಬಸ್ಸು ಬರೋ ಹೊತ್ತಾಯ್ತು, ನಡಿ."

ಅವಳು ಹೋಗುವಾಗ ತಿರುಗಿ ನೋಡಿದಳು. ಅವನು ತಲೆ ತಗ್ಗಿಸಿ ಸಾಮಾನಿನ ಚೀಲ ಹುಡುಕುತ್ತಿದ್ದ.

ನಾಲ್ಕನೆಯ ಭಾನುವಾರ ಮಧ್ಯಾಹ್ನ ಅಜ್ಜಿ ಒಂದು ಅರ್ಜಿ ತಂದು ಮೇಜಿನ ಮೇಲಿಟ್ಟಳು. ಕೇಂದ್ರದಲ್ಲೇ ಉಳಿಯುವವರಿಗೆ ಕಟ್ಟಡದ ಹಿಂಭಾಗದಲ್ಲಿ ಕೋಣೆಗಳಿದ್ದವು. ಅರ್ಜಿಯನ್ನು ಅವಳೇ ದುಂಡಗಿನ ಅಕ್ಷರದಲ್ಲಿ ತುಂಬಿದ್ದಳು, ಒಂದು ತಪ್ಪೂ ಇರಲಿಲ್ಲ. ಕೆಳಗೆ ಮಗ ಸಹಿ ಹಾಕಬೇಕಿತ್ತು. 'ನನ್ನ ತಾಯಿಗೆ ಬುದ್ಧಿ ಸ್ವಾಧೀನದಲ್ಲಿ ಇಲ್ಲವಾದ್ದರಿಂದ' ಎಂದು ಅಲ್ಲಿ ಅಚ್ಚಾಗಿತ್ತು.

"ಏನತ್ತೆ ಇದು? ಈಗ ವಾಸಿಯಾಗಿದೆಯಲ್ಲ" ಎಂದಳು ಸೊಸೆ.

"ಮಾತ್ರೆ ನುಂಗಿ ನೆಟ್ಟಗಿರೋ ತಲೆ ಎಷ್ಟು ದಿನ ಇರತ್ತಮ್ಮ? ತಂಗೀನ ಸಾಯಿಸ್ತಿದ್ದೆ. ಈ ಕೂಸು ಒಂದೇ ಇರೋವಾಗ ಮನೆಗೆ ಬೆಂಕಿ ಹಚ್ಚಿದ್ರೆ? ನನಗೇ ನನ್ನ ಕಂಡ್ರೆ ಹೆದರಿಕೆ." ಪೆನ್ನನ್ನು ಮಗನ ಕೈಗೆ ಕೊಟ್ಟಳು. "ಹಾಕಪ್ಪ. ಅಳು ಗಿಳು ಬೇಡ."

ಅವನು ಆ ಅಚ್ಚಾದ ಸಾಲನ್ನು ಎರಡು ಸಲ ಓದಿದ. ಪೆನ್ನನ್ನು ಮೇಜಿನ ಮೇಲಿಟ್ಟ.

"ನಿನ್ನ ತಲೆಗೆ ಏನೂ ಆಗಿರಲಿಲ್ಲಮ್ಮ. ಕಾರು."

ಮೊದಲಿನಿಂದ ಹೇಳಿದ. ಹಳೆಯ ಗ್ಯಾಸ್ಕೆಟ್ಟು, ರಟ್ಟು, ಮಸಿ, ಮೇಸ್ತ್ರಿ ಕೇಳಿದ್ದು.

"ನಾನು ಹೇಳಿದ್ದೆ" ಎಂದಳು ಅಜ್ಜಿ.

"ಹೇಳಿದ್ದೆ ಅಮ್ಮ."

"ನಿನಗೆ ಯಾವತ್ತು ಗೊತ್ತಾಯ್ತು?"

"ಇಪ್ಪತ್ತಮೂರು ದಿನ ಆಯ್ತು."

ಸೊಸೆ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. "ಇಪ್ಪತ್ತಮೂರು ದಿನ ನನ್ನ ಬಾಯಲ್ಲಿ ಡಾಕ್ಟ್ರನ್ನ ಹೊಗಳಿಸಿದ್ರಿ. ಇವರು ಊಟ ಬಿಟ್ಟು ಸೊರಗಿದ್ರು, ನೀವು ಪಕ್ಕದಲ್ಲೇ ಕೂತು ತಿಂತಿದ್ರಿ. ನನ್ನ ಮಗಳನ್ನೂ ಅಲ್ಲೇ ಕೂರಿಸಿದ್ರಲ್ಲ!" ಅವಳು ಒಳಗೆ ಹೋದಳು. ಕೈಚೀಲ ತಂದು ಅತ್ತೆಯ ಮುಂದೆ ಬೋರಲು ಹಾಕಿದಳು. ತಿರುಗಣೆಗಳು ಮೇಜಿನ ಮೇಲೆ ಉರುಳಿದವು. "ನಾನೂ ನಂಬಲಿಲ್ಲ ಅತ್ತೆ" ಎಂದು ಅತ್ತಳು.

ಅಜ್ಜಿ ತಿರುಗಣೆಗಳನ್ನು ಮುಟ್ಟಲಿಲ್ಲ.

ಮರುದಿನ ಮೂವರೂ ಬಸ್ಸಿನಲ್ಲಿ ವೈದ್ಯೆಯ ಬಳಿ ಹೋದರು. ಅವರು ಕೇಳಿ ಕನ್ನಡಕ ತೆಗೆದಿಟ್ಟರು. "ಅವತ್ತೇ ಬಂದಿದ್ರೆ ರಕ್ತದಲ್ಲಿ ಸಿಗ್ತಿತ್ತು. ಒಂದೆರಡು ದಿನದಲ್ಲಿ ಮೈಯಿಂದ ಹೋಗಿಬಿಡತ್ತೆ. ಮಾತ್ರೆ ನಿಲ್ಲಿಸೋಣ. ಆದ್ರೆ ಈ ಗ್ಯಾಸ್ ಮಿದುಳಿಗೆ ಮಾಡಿದ್ದು ಕೆಲವು ಸಲ ವಾರಗಳಾದ ಮೇಲೆ ಕಾಣಿಸ್ಕೊಳ್ಳತ್ತೆ. ಎಷ್ಟು ಉಳಿದಿದೆ, ಎಷ್ಟು ಹೋಗಿದೆ ಅಂತ ಈಗ ನಾನು ಹೇಳಲಾರೆ. ಕಾದು ನೋಡಬೇಕು."

ಅಲ್ಲಿಂದ ತಂಗಿಯ ಮನೆಗೆ ಹೋದರು. ತಂಗಿಯ ಮಗ ಬಾಗಿಲಲ್ಲೇ ನಿಂತು ಕೇಳಿದ. "ಮೊದಲು ಮರೆವಿನ ಕಾಯಿಲೆ ಅಂದ್ರಿ, ಈಗ ಕಾರು ಅಂತೀರಿ. ಯಾವುದಕ್ಕೆ ಸಾಕ್ಷಿ ಇದೆ ಅಣ್ಣ?" ಅಜ್ಜಿಯ ಮಗನ ಬಳಿ ಸಾಕ್ಷಿ ಇರಲಿಲ್ಲ. ಅಜ್ಜಿ ಒಳಗೆ ಹೋಗಿ ತಂಗಿಯ ಕಾಲ ಬಳಿ ಹತ್ತು ನಿಮಿಷ ಕೂತು ಬಂದಳು.

ಬರುವಾಗ ಬಸ್ಸಿನಲ್ಲಿ ಅವಳು ಮಗನ ಪಕ್ಕದಲ್ಲಿ ಕೂತಳು. ಬಸ್ಸು ಅರ್ಧ ದಾರಿ ದಾಟಿತು.

"ನಾನು ಮರೆತ್ರೆ" ಎಂದಳು ಆಮೇಲೆ, "ನನ್ನ ತಲೇನೇ ಸರಿಯಿಲ್ಲ ಅಂತ ಮತ್ತೆ ಅಂದ್ಕೋತೀನಿ. ಆಗ ನೀನು ಹೇಳಬೇಕು. ನಿನ್ನೆ ಹೇಳಿದ ಹಾಗೇ. ಒಂದೂ ಮಾತು ಬಿಡಬಾರದು. ಇಪ್ಪತ್ತಮೂರು ದಿನದ್ದೂ ಸೇರಿಸಿ."

"ಹೇಳ್ತೀನಿ ಅಮ್ಮ."

"ಎಷ್ಟು ಸಲ ಕೇಳಿದ್ರೂ."

"ಎಷ್ಟು ಸಲ ಕೇಳಿದ್ರೂ."

ಮೂರು ವಾರ ಏನೂ ಆಗಲಿಲ್ಲ. ಅಜ್ಜಿ ಚೆನ್ನಾಗಿ ಊಟ ಮಾಡಿದಳು, ಅಡುಗೆ ಮಾಡಿದಳು, ಮೊಮ್ಮಗಳನ್ನು ಗದರಿದಳು. ಸೊಸೆ ಗಂಡನೊಂದಿಗೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು. ಕಾರಿಗೆ ಅವನೊಬ್ಬನೇ ಹತ್ತುತ್ತಿದ್ದ.

ಮಂಗಳವಾರ ಬೆಳಿಗ್ಗೆ ತಿಂಡಿಗೆ ಕೂತಿದ್ದರು. ಅಜ್ಜಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಚಾಕು ನಿಲ್ಲಿಸಿದಳು.

"ನಾನು ಯಾಕೋ ತಂಗಿ ಮನೆಗೆ ಹೋಗ್ತಾ ಇಲ್ಲ?"

ಪಿಟೀಲು ಅಮ್ಮನನ್ನು ನೋಡಿದಳು. ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ನಿಜವಾಗಿ ಮರೆತಿದ್ದಾಳೋ, ಮಗನ ಬಾಯಿಂದ ಮತ್ತೊಮ್ಮೆ ಕೇಳಬೇಕೆಂದಿದ್ದಾಳೋ, ಆ ಮುಖದಲ್ಲಿ ಗೊತ್ತಾಗುವಂತಿರಲಿಲ್ಲ. ಅಜ್ಜಿ ಮಗನ ಕಡೆಗೇ ತಿರುಗಿ ಕಾಯುತ್ತಿದ್ದಳು.

ಅವನು ಚಹಾದ ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಮೊದಲಿನಿಂದ ಹೇಳತೊಡಗಿದ.